ನಾಯಿ ಸಗಣಿ, ಮಲ ತಿನ್ನುವುದೇಕೆ? ಅನಾನಸು ಹಾಕಿದರೆ ಬಿಡುತ್ತದೆಯೇ?

ಬಟ್ಟಲಿಗೆ ಹಾಕಿದ ಮಜ್ಜಿಗೆ ಅನ್ನವನ್ನು ಮೂಸಿ ನೋಡಿ ಬಿಟ್ಟು ಹೋಗುವ ನಾಯಿ, ಕೊಟ್ಟಿಗೆಯ ಹಿಂದೆ ಹೋಗಿ ಬಿಸಿ ಸಗಣಿಗೆ ಬಾಯಿ ಹಾಕುತ್ತದೆ. ಆಮೇಲೆ ಬಂದು ಮಕ್ಕಳ ಕೈ ನೆಕ್ಕುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊಟ್ಟಿಗೆ, ಗೊಬ್ಬರಗುಂಡಿ, ತೋಟ ಎಲ್ಲ ಮನೆಗೆ ಅಂಟಿಕೊಂಡೇ ಇರುವುದರಿಂದ ಇದು ಹೊಸ ಸಂಗತಿಯಲ್ಲ. ಹೊಸದೇನೆಂದರೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಪರಿಹಾರಗಳು. ಇವುಗಳಲ್ಲಿ ಒಂದಲ್ಲ ಒಂದು ನಿಮ್ಮ ಫೋನಿಗೂ ಬಂದಿರಬಹುದು: ಮಲ ತಿನ್ನುವ ನಾಯಿಗೆ ಕ್ಯಾಲ್ಸಿಯಂ ಕಡಿಮೆ, ಊಟದಲ್ಲಿ ಅನಾನಸು ಕೊಟ್ಟರೆ ಬಿಡುತ್ತದೆ, ಬೆಳ್ಳುಳ್ಳಿ ಕೊಟ್ಟರೆ ಹುಳ ಸಾಯುತ್ತದೆ, ಮಲದ ಮೇಲೆ ಖಾರದ ಪುಡಿ ಉದುರಿಸಿ, ಇದು ಹುಚ್ಚು ಹಿಡಿಯುವ ಮುನ್ಸೂಚನೆ, ಎಚ್ಚರ.

ಇವುಗಳಲ್ಲಿ ಕೆಲವು ಸುಮ್ಮನೆ ಕೆಲಸಕ್ಕೆ ಬಾರದವು. ಕೆಲವು ನಾಯಿಗೆ ಅಪಾಯ ತರುವಂಥವು. ಕೊನೆಯದರಲ್ಲಿ ಮಾತ್ರ ಒಂದು ಸಣ್ಣ ಸತ್ಯ ಅಡಗಿದೆ. ಆ ಸತ್ಯ ತಿಳಿಯದಿದ್ದರೆ ನಾಯಿಯದಲ್ಲ, ಮನುಷ್ಯರ ಜೀವಕ್ಕೇ ಕುತ್ತು. ಹಾಗಾಗಿ ಒಂದೊಂದಾಗಿ ನೋಡೋಣ.

ಇದು ರೋಗವೇ, ಗುಣವೇ?

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪಶುವೈದ್ಯ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ಸುಮಾರು 3,000 ನಾಯಿಗಳ ಮಾಲೀಕರಿಂದ ವಿವರ ಪಡೆದು, 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಯಿಯ ಮಲವನ್ನು ನಾಯಿಯೇ ತಿನ್ನುವುದು ಅದರ ವಿಷಯ. ಶೇ 16ರಷ್ಟು ನಾಯಿಗಳು ಪದೇ ಪದೇ, ಅಂದರೆ ಕನಿಷ್ಠ ಆರು ಬಾರಿಯಾದರೂ ಕಣ್ಣಿಗೆ ಬೀಳುವಂತೆ, ಮಲ ತಿನ್ನುತ್ತಿದ್ದವು. ಆರರಲ್ಲಿ ಒಂದು ನಾಯಿ ಎಂದಾಯಿತು. ಏನು ಊಟ ಹಾಕುತ್ತಾರೆ, ನಾಯಿಗೆ ಎಷ್ಟು ವಯಸ್ಸು ಎನ್ನುವುದಕ್ಕೂ ಈ ಅಭ್ಯಾಸಕ್ಕೂ ನಂಟು ಕಾಣಲಿಲ್ಲ. ಕಂಡ ನಂಟು ಬೇರೆ: ಊಟ ಕಂಡರೆ ಮುಗಿಬಿದ್ದು ನುಂಗುವ ಹೊಟ್ಟೆಬಾಕ ನಾಯಿಗಳಲ್ಲಿ ಇದು ಹೆಚ್ಚು. ಒಂದಕ್ಕಿಂತ ಹೆಚ್ಚು ನಾಯಿ ಇರುವ ಮನೆಗಳಲ್ಲೂ ಹೆಚ್ಚು.

ಇನ್ನೊಂದು ಕುತೂಹಲದ ಅಂಶ ಸಿಕ್ಕಿತು. ಈ ನಾಯಿಗಳು ಹೆಚ್ಚಾಗಿ ಬಯಸುವುದು ತಾಜಾ ಮಲವನ್ನು, ಎರಡು ದಿನದೊಳಗಿನದನ್ನು. ಇದಕ್ಕೆ ಅವರು ಕೊಡುವ ವಿವರಣೆ ಹೀಗಿದೆ. ತೋಳಗಳು ಗವಿಯಿಂದ ದೂರ ಹೋಗಿ ಮಲ ಹಾಕುತ್ತವೆ. ಆದರೆ ಮುದಿಯಾದ, ಕಾಯಿಲೆಯಾದ ತೋಳ ಗವಿಯ ಬಳಿಯೇ ಹಾಕಿದರೆ? ಜಂತುಹುಳದ ಮೊಟ್ಟೆ ಮಲದಲ್ಲಿ ಹೊರಬಿದ್ದ ಕೂಡಲೇ ರೋಗ ತರುವುದಿಲ್ಲ. ಅದು ಬಲಿತು ಸೋಂಕು ತಗಲಿಸುವ ಹಂತಕ್ಕೆ ಬರಲು ದಿನಗಳು, ಕೆಲವು ಹುಳಗಳಲ್ಲಿ ವಾರಗಳು ಬೇಕು. ಅದಕ್ಕೆ ಮೊದಲೇ ತಿಂದು ಜಾಗ ಚೊಕ್ಕ ಮಾಡಿದರೆ ಗುಂಪು ಉಳಿಯುತ್ತದೆ. ನಮ್ಮ ಕಣ್ಣಿಗೆ ಹೊಲಸಾಗಿ ಕಾಣುವುದು ಒಂದು ಕಾಲಕ್ಕೆ ಶುಚಿತ್ವದ ಕೆಲಸವೇ ಆಗಿತ್ತು ಎನ್ನುವ ವಾದ ಇದು. ಊಹೆಯೇ ಹೌದು, ಆದರೆ ತರ್ಕ ಗಟ್ಟಿಯಿದೆ ಎನ್ನುವುದು ನಮ್ಮ ಅಭಿಪ್ರಾಯ. ಮರಿ ಹಾಕಿದ ನಾಯಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಕೆಲವು ವಾರ ಮರಿಗಳ ಮಲಮೂತ್ರವನ್ನು ತಾಯಿಯೇ ನೆಕ್ಕಿ ತೆಗೆಯುತ್ತದೆ. ಅದನ್ನು ತಡೆಯಬಾರದು, ಬೈಯಲೂಬಾರದು.

ಮನುಷ್ಯರ ಮಲದ ವಿಷಯವೂ ಇದಕ್ಕೆ ದೂರವಲ್ಲ. ಊರ ನಾಯಿಗಳು ಸಾವಿರಾರು ವರ್ಷ ಬದುಕಿದ್ದೇ ನಮ್ಮ ಎಂಜಲು, ಕಸ ಮತ್ತು ಬಯಲಿಗೆ ಹೋದದ್ದರ ಮೇಲೆ. ಜಿಂಬಾಬ್ವೆಯ ಹಳ್ಳಿಗಳ ನಾಯಿಗಳ ಆಹಾರ ಅಧ್ಯಯನ ಮಾಡಿದಾಗಲೂ ಮನುಷ್ಯರ ಮಲ ಅದರ ದೊಡ್ಡ ಪಾಲಾಗಿತ್ತು.

ಸಗಣಿಯ ರುಚಿ ಎಲ್ಲಿಂದ?

ಹಸುವಿನ ಸಗಣಿಯ ಕತೆ ಸ್ವಲ್ಪ ಬೇರೆ. ಹಿಂಡಿ, ತೌಡು, ಜೋಳದ ನುಚ್ಚು, ಅಕ್ಕಚ್ಚು ಕುಡಿದ ಹಸುವಿನ ಸಗಣಿಯಲ್ಲಿ ಪೂರ್ತಿ ಜೀರ್ಣವಾಗದ ಕಾಳಿನ ಅಂಶ ಉಳಿದಿರುತ್ತದೆ. ಅದರ ಹೊಟ್ಟೆಯ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳೂ ಸಗಣಿಯಲ್ಲಿ ಹೊರಬರುತ್ತವೆ. ಅವು ಒಂದು ಬಗೆಯ ಪ್ರೊಟೀನೇ. ನಮಗೆ ಮೂಗು ಮುಚ್ಚಿಕೊಳ್ಳುವ ವಾಸನೆ ನಾಯಿಗೆ ಊಟದ ಸುದ್ದಿ. ಹಾಲು ಕುಡಿಯುವ ಎಳೆಗರುವಿನ ಸಗಣಿಗೆ ನಾಯಿ ವಿಶೇಷವಾಗಿ ಕಾದು ಕೂರುವುದನ್ನು ಕೊಟ್ಟಿಗೆ ಇರುವವರೆಲ್ಲ ನೋಡಿರುತ್ತಾರೆ. ಹಾಲಿನ ಅಂಶ ಅದರಲ್ಲಿರುವುದೇ ಕಾರಣವಿರಬೇಕು.

ಹಾಗಾದರೆ ಊಟ ಸಾಲದೆ ತಿನ್ನುತ್ತದೆಯೇ? ಕೆಲವೊಮ್ಮೆ ಹೌದು. ಈ ಭಾಗದ ಅನೇಕ ಮನೆಗಳಲ್ಲಿ ನಾಯಿಗೆ ಎರಡು ಹೊತ್ತು ಅನ್ನ, ಮಜ್ಜಿಗೆ, ಉಳಿದ ಸಾಂಬಾರು. ನಾಯಿ ಅನ್ನ ಜೀರ್ಣಿಸಿಕೊಳ್ಳಲಾರದು ಎನ್ನುವುದು ಸುಳ್ಳು. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದಂತೆ, ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳದಲ್ಲಿ ಎರಡಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇವೆ. ನಮ್ಮ ಜೊತೆ ಇದ್ದೂ ಇದ್ದೂ ಅದು ಅನ್ನಕ್ಕೆ ಒಗ್ಗಿದೆ. ಆದರೆ ಬರೀ ಅನ್ನದಲ್ಲಿ ಪ್ರೊಟೀನು, ಕೊಬ್ಬು ಸಾಲದು. ಹೊಟ್ಟೆ ತುಂಬಿದಂತೆ ಕಂಡರೂ ನಾಯಿಗೆ ಹಸಿವು ಉಳಿಯುತ್ತದೆ. ಮನೆಯಲ್ಲಿ ಮೊಟ್ಟೆ ಬೇಯಿಸುವುದಿಲ್ಲವಾದರೆ ಚೆನ್ನಾಗಿ ಬೆಂದ ಬೇಳೆ, ಗಟ್ಟಿ ಮೊಸರು, ಸೋಯಾ ಸೇರಿಸಿ. ಇಲ್ಲವೇ ಒಂದು ಹೊತ್ತು ಅಂಗಡಿಯ ನಾಯಿ ಆಹಾರ ಕೊಡಿ. ಒಂದೇ ಸಲ ಬಟ್ಟಲು ತುಂಬುವ ಬದಲು ಎರಡು ಮೂರು ಹೊತ್ತಿಗೆ ಹಂಚಿ. ಕೆಲವು ನಾಯಿಗಳಿಗೆ ಇಷ್ಟೇ ಸಾಕಾಗುತ್ತದೆ. ಕ್ಯಾಲ್ಸಿಯಂ ಕೊರತೆಯಿಂದ ಮಲ ತಿನ್ನುತ್ತದೆ ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಬೆಳೆಯುವ ದೊಡ್ಡ ಜಾತಿಯ ಮರಿಗೆ ಫಾರ್ವರ್ಡ್ ನಂಬಿ ಕ್ಯಾಲ್ಸಿಯಂ ಹೆಚ್ಚು ಕೊಟ್ಟರೆ ಮೂಳೆಯ ಬೆಳವಣಿಗೆಯೇ ಕೆಡುತ್ತದೆ.

ನಿಜವಾದ ಕಾಯಿಲೆಯೂ ಕಾರಣವಿರಬಹುದು. ಮೇದೋಜೀರಕ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ತಿಂದದ್ದು ಜೀರ್ಣವಾಗುವುದಿಲ್ಲ. ನಾಯಿ ಎಷ್ಟು ತಿಂದರೂ ಸೊರಗುತ್ತದೆ, ಮಲ ರಾಶಿ ರಾಶಿಯಾಗಿ, ಜಿಡ್ಡಾಗಿ, ತಿಳಿ ಬಣ್ಣದಲ್ಲಿ ಬೀಳುತ್ತದೆ, ಅದನ್ನೇ ಅದು ತಿನ್ನುತ್ತದೆ. ಜಂತುಹುಳ, ಸಕ್ಕರೆ ಕಾಯಿಲೆ, ಚರ್ಮರೋಗಕ್ಕೆ ಕೊಡುವ ಸ್ಟೀರಾಯ್ಡ್ ಮಾತ್ರೆ, ಇವೂ ಹಸಿವನ್ನು ಕೆರಳಿಸುತ್ತವೆ. ಈವರೆಗೆ ಇಲ್ಲದ ಅಭ್ಯಾಸ ದೊಡ್ಡ ನಾಯಿಯಲ್ಲಿ ಇದ್ದಕ್ಕಿದ್ದಂತೆ ಶುರುವಾದರೆ, ತೂಕ ಇಳಿಯುತ್ತಿದ್ದರೆ, ಭೇದಿ ಇದ್ದರೆ, ತಾಲ್ಲೂಕು ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಮಲದ ಮಾದರಿಯನ್ನು ಡಬ್ಬಿಯಲ್ಲಿ ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಕಡಿಮೆ.

ಅನಾನಸು, ಖಾರದ ಪುಡಿ, ಬೆಳ್ಳುಳ್ಳಿ

ಬನವಾಸಿ ಸುತ್ತಮುತ್ತ ಅನಾನಸು ಧಾರಾಳ ಬೆಳೆಯುವುದರಿಂದ ನಮ್ಮ ಕಡೆ ಆ ಸಲಹೆ ಅಗ್ಗವೂ ಹೌದು, ಜನಪ್ರಿಯವೂ ಹೌದು. ಅನಾನಸು ತಿಂದರೆ ಮಲ ಕಹಿಯಾಗುತ್ತದೆ, ನಾಯಿ ಅಸಹ್ಯಪಟ್ಟು ಬಿಡುತ್ತದೆ ಎನ್ನುವುದು ಇದರ ಹಿಂದಿನ ಲೆಕ್ಕ. ಹಾಗೆ ಆಗುತ್ತದೆ ಎಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಒಂದೆರಡು ತುಂಡು ಕೊಟ್ಟರೆ ತೊಂದರೆ ಇಲ್ಲ, ಪ್ರಯೋಜನವೂ ಇಲ್ಲ. ಅಲ್ಲದೆ, ನಿಮ್ಮ ನಾಯಿಗೆ ಅನಾನಸು ಕೊಟ್ಟರೆ ಪಕ್ಕದ ಮನೆಯ ಹಸುವಿನ ಸಗಣಿಯ ರುಚಿ ಹೇಗೆ ಬದಲಾಗುತ್ತದೆ?

ಇದೇ ತತ್ವದ ಮೇಲೆ ಪುಡಿ, ಮಾತ್ರೆಗಳೂ ಮಾರಾಟಕ್ಕಿವೆ. ಹಾರ್ಟ್ ಅವರ ಅಧ್ಯಯನದಲ್ಲಿ ಇಂಥ 11 ಉತ್ಪನ್ನಗಳನ್ನು ಬಳಸಿದವರನ್ನು ಕೇಳಲಾಗಿತ್ತು. ಯಶಸ್ಸಿನ ಪ್ರಮಾಣ ಸೊನ್ನೆಯಿಂದ ಶೇ 2. ಆನ್‌ಲೈನಿನಲ್ಲಿ ನೂರಾರು ರೂಪಾಯಿ ಕೊಟ್ಟು ತರಿಸುವ ಮುನ್ನ ಈ ಅಂಕಿ ನೆನಪಿರಲಿ. ಬೈದು ಓಡಿಸುವುದು, ಖಾರ ಹಾಕುವುದು ಮುಂತಾದ ಉಪಾಯಗಳ ಫಲವೂ ಅಷ್ಟಕ್ಕಷ್ಟೆ. ಖಾರದ ಪುಡಿಯಿಂದ ನಾಯಿಯ ಮೂಗು, ಕಣ್ಣು ಉರಿಯುತ್ತದೆ. ಅದು ಕಲಿಯುವುದೇನಿದ್ದರೂ ಖಾರವಿಲ್ಲದ ಮಲವನ್ನು ಹುಡುಕುವುದು. ಮೂಗನ್ನು ಮಲಕ್ಕೆ ತಿಕ್ಕಿ ಹೊಡೆಯುವವರೂ ಇದ್ದಾರೆ. ಅದರಿಂದ ಅಭ್ಯಾಸ ಹೆಚ್ಚುತ್ತದೆ: ಹೊಡೆತದ ಹೆದರಿಕೆಗೆ ನಾಯಿ, ಯಜಮಾನರು ಬರುವ ಮೊದಲೇ ಗಬಕ್ಕನೆ ನುಂಗಿ ಸಾಕ್ಷಿ ಇಲ್ಲದಂತೆ ಮಾಡುತ್ತದೆ.

ಬೆಳ್ಳುಳ್ಳಿಯ ಫಾರ್ವರ್ಡ್ ಮಾತ್ರ ಮುಂದೆ ಕಳಿಸಲೇಬೇಡಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಳ ಸಾಯುವುದಿಲ್ಲ, ರಕ್ತಹೀನತೆ ಬರುತ್ತದೆ. ಹಬ್ಬದ ದಿನ ಉಳಿದ ಪಾಯಸವನ್ನು ನಾಯಿಗೆ ಹಾಕುವವರು ದ್ರಾಕ್ಷಿಯನ್ನೂ ಗಮನಿಸಬೇಕು. ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ನಿಲ್ಲಿಸಿಬಿಡುತ್ತದೆ.

ಹುಲ್ಲು ತಿನ್ನುವುದರ ಬಗ್ಗೆ ಎರಡು ಮಾತು. ಹೊಟ್ಟೆನೋವಿಗೆ ತಾನೇ ಔಷಧ ಮಾಡಿಕೊಳ್ಳುತ್ತಿದೆ ಎನ್ನುತ್ತಾರೆ. ಡೇವಿಸ್‌ನವರೇ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಲ್ಲು ತಿನ್ನುವ ಮುನ್ನ ಆಗಾಗ ಕಾಯಿಲೆಯಾದಂತೆ ಕಂಡ ನಾಯಿಗಳು ಶೇ 8 ಮಾತ್ರ, ತಿಂದ ಮೇಲೆ ಆಗಾಗ ವಾಂತಿ ಮಾಡಿದವು ಶೇ 22. ಉಳಿದವು ಸುಮ್ಮನೆ ತಿನ್ನುತ್ತವೆ. ಔಷಧ ಸಿಂಪಡಿಸಿದ ಹುಲ್ಲಲ್ಲದಿದ್ದರೆ ಚಿಂತೆ ಬೇಡ.

ತಿಂದರೆ ಏನಾಗುತ್ತದೆ?

ಆರೋಗ್ಯವಂತ ಹಸುವಿನ ಸಗಣಿಯನ್ನು ಒಂದೆರಡು ಬಾಯಿ ತಿಂದ ಊರ ನಾಯಿಗೆ ಬಹುತೇಕ ಏನೂ ಆಗುವುದಿಲ್ಲ. ಆದರೆ ಹಸುವಿಗೆ ಉಣುಗು, ಹುಳಕ್ಕೆಂದು ಐವರ್ಮೆಕ್ಟಿನ್ ಚುಚ್ಚುಮದ್ದು ಕೊಡಿಸಿದ್ದರೆ ಜಾಗ್ರತೆ. ಆ ಔಷಧದ ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ. ಕೋಲಿ ಜಾತಿಯ ನಾಯಿಗಳಲ್ಲಿ, ಕೆಲವು ಜರ್ಮನ್ ಶೆಫರ್ಡ್‌ಗಳಲ್ಲಿ ಒಂದು ಜೀನ್ ದೋಷವಿದ್ದು, ಈ ಔಷಧ ಮಿದುಳಿಗೆ ಹೋಗಿ ತೂರಾಟ, ಕುರುಡು, ಪ್ರಜ್ಞೆ ತಪ್ಪುವುದು ಆಗುತ್ತದೆ. ನಾಟಿ ನಾಯಿಗೆ ಈ ಭಯ ಕಡಿಮೆ. ಈಗ ಹಳ್ಳಿಮನೆಗಳಲ್ಲೂ ಜಾತಿನಾಯಿ ಸಾಕುವುದು ಹೆಚ್ಚಾಗಿರುವುದರಿಂದ ಹೇಳಬೇಕಾಯಿತು. ಚುಚ್ಚುಮದ್ದಿನ ನಂತರ ಕೆಲವು ವಾರ ನಾಯಿಯನ್ನು ಕೊಟ್ಟಿಗೆಯಿಂದ ದೂರವಿಡಿ.

ಬೇರೆ ನಾಯಿಯ ಮಲದಿಂದ ಪಾರ್ವೊ ವೈರಸ್ ಬರುತ್ತದೆ. ಲಸಿಕೆ ಹಾಕಿಸದ ಮರಿಯನ್ನು ಅದು ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದು. ದುಂಡುಹುಳ, ಕೊಕ್ಕೆಹುಳದ ಮೊಟ್ಟೆಗಳು ಅಂಗಳದ ಮಣ್ಣಿಗೆ ಸೇರಿ, ಮಣ್ಣಿನಲ್ಲಿ ಆಡುವ ಮಕ್ಕಳಿಗೂ ತಗಲುತ್ತವೆ. ಮರಿಗೆ ಎರಡು ವಾರವಾದಾಗಿನಿಂದಲೇ, ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹುಳದ ಔಷಧ ಬೇಕು.

ಮಲಕ್ಕಿಂತ ನಾವು ಹೆಚ್ಚು ಹೆದರಬೇಕಾದದ್ದು ಹಸಿ ಕರುಳು, ಯಕೃತ್ತು, ಶ್ವಾಸಕೋಶಕ್ಕೆ. ಕುರಿ, ಆಡು, ದನಗಳ ಈ ಭಾಗಗಳಲ್ಲಿ ಒಂದು ಬಗೆಯ ಲಾಡಿಹುಳದ ನೀರುಗುಳ್ಳೆ ಇರಬಹುದು. ಅದನ್ನು ತಿಂದ ನಾಯಿಯ ಕರುಳಲ್ಲಿ ಹುಳ ಬೆಳೆದು ಮೊಟ್ಟೆ ಹೊರಬೀಳುತ್ತದೆ. ಆ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ನಮ್ಮ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಗುಳ್ಳೆ ಬೆಳೆಯುತ್ತದೆ. ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಗತಿ. ಅಡಿಕೆ ಸೀಮೆಯವರಿಗೆ ಒಂದು ಸ್ವಾರಸ್ಯ: ಈ ಹುಳವನ್ನು ನಾಯಿಯ ಹೊಟ್ಟೆಯಿಂದ ಹೊರದೂಡಲು ಹಿಂದೆ ನ್ಯೂಜಿಲೆಂಡಿನಂಥ ದೇಶಗಳಲ್ಲಿ ಕೊಡುತ್ತಿದ್ದ ಔಷಧ ಅರೆಕೋಲಿನ್, ಅಡಿಕೆಯಲ್ಲಿರುವ ರಾಸಾಯನಿಕ. ಹಾಗೆಂದು ಮನೆಯ ಅಡಿಕೆ ಪುಡಿ ಮಾಡಿ ನಾಯಿಗೆ ತಿನ್ನಿಸಬೇಡಿ. ಸ್ವಲ್ಪ ಹೆಚ್ಚಾದರೂ ಅದು ವಿಷ. ಈಗ ಪ್ರಾಜಿಕ್ವಾಂಟೆಲ್ ಎಂಬ ಸುರಕ್ಷಿತ ಮಾತ್ರೆ ಇದೆ.

ಸತ್ತ ಮಂಗದ ವಿಷಯವನ್ನೂ ಇಲ್ಲಿ ಸೇರಿಸಬೇಕು. ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲೂ ಮಂಗನ ಕಾಯಿಲೆ ಜೀವ ತೆಗೆದಿದೆ. ರೋಗದಿಂದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಸುತ್ತಮುತ್ತ ಉದುರುತ್ತವೆ. ನಾಯಿಯ ಬಾಯಿಂದ ಕಾಯಿಲೆ ಬರುತ್ತದೆ ಎಂದಲ್ಲ, ಅಲ್ಲಿ ಮೂಸಾಡಿದ ನಾಯಿ ಮೈಯಲ್ಲಿ ಉಣುಗು ಹೊತ್ತು ಜಗುಲಿಗೆ ತರಬಹುದು. ಸತ್ತ ಮಂಗ ಕಂಡರೆ ನಾಯಿಯನ್ನು ಕಟ್ಟಿ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ.

ತೋಟದಲ್ಲಿ ಸಗಣಿಯಂತೆಯೇ ಆಸೆ ಹುಟ್ಟಿಸುವ ಇನ್ನೊಂದು ವಸ್ತುವಿದೆ: ಬಸವನಹುಳುವಿಗೆ ಇಡುವ ವಿಷ. ಮೆಟಾಲ್ಡಿಹೈಡ್ ಗುಳಿಗೆಗಳನ್ನು, ತೌಡು-ಬೆಲ್ಲದಲ್ಲಿ ಕೀಟನಾಶಕ ಕಲಸಿದ ಉಂಡೆಗಳನ್ನು ನಾಯಿ ತಿಂಡಿಯೆಂದೇ ತಿನ್ನುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಸೆಳೆತ ಶುರುವಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಎನ್ನುವ ಫಾರ್ವರ್ಡ್ ಪಾಲಿಸಬೇಡಿ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ವಿಷದ ಪ್ಯಾಕೆಟ್ಟಿನ ಫೋಟೊ ತೆಗೆದುಕೊಂಡು ನೇರ ವೈದ್ಯರಲ್ಲಿಗೆ ಹೋಗಿ. ಕಸದಿಂದ ಎಳೆದು ತರುವ ಮಕ್ಕಳ ಡೈಪರ್ ಕೂಡ ಹಾಗೆಯೇ. ಒಳಗಿನ ಜೆಲ್ ಉಬ್ಬಿ ಕರುಳು ಕಟ್ಟುತ್ತದೆ.

ಹುಚ್ಚು ಹಿಡಿಯುವ ಲಕ್ಷಣವೇ?

ಮಲ, ಸಗಣಿ ತಿನ್ನುವುದರಿಂದ ರೇಬೀಸ್ ಬರುವುದಿಲ್ಲ. ರೇಬೀಸ್ ವೈರಸ್ ಹರಡುವುದು ಜೊಲ್ಲಿನಿಂದ, ಮಲದಿಂದಲ್ಲ. ವರ್ಷಗಳಿಂದ ಸಗಣಿ ತಿನ್ನುತ್ತಾ ಉಳಿದಂತೆ ಲವಲವಿಕೆಯಿಂದಿರುವ ನಾಯಿಗೆ ಹುಚ್ಚು ಹಿಡಿದಿಲ್ಲ.

ಆದರೆ ರೇಬೀಸ್ ಬಂದ ನಾಯಿ ತಿನ್ನಬಾರದ್ದನ್ನು ತಿನ್ನುವುದು ನಿಜ. ಕಟ್ಟಿಗೆ ಚೂರು, ಕಲ್ಲು, ಮಣ್ಣು, ಬಟ್ಟೆ ಕಚ್ಚಿ ನುಂಗುತ್ತದೆ. ವ್ಯತ್ಯಾಸ ಕಾಣುವುದು ಉಳಿದ ನಡವಳಿಕೆಯಲ್ಲಿ: ಒಂದೆರಡು ದಿನದಲ್ಲೇ ಸ್ವಭಾವ ಬದಲಾಗುತ್ತದೆ, ಕತ್ತಲಲ್ಲಿ ಅಡಗುತ್ತದೆ ಅಥವಾ ಸುಮ್ಮಸುಮ್ಮನೆ ಕಚ್ಚಲು ಬರುತ್ತದೆ, ಬೊಗಳುವ ದನಿ ಬೇರೆಯಾಗುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ.

ಅನಾಹುತ ಆಗುವುದು ಇಲ್ಲೇ. ‘ಏನೋ ತಿಂದು ಗಂಟಲಲ್ಲಿ ಸಿಕ್ಕಿಕೊಂಡಿದೆ, ಪಾಪ’ ಎಂದು ಮನೆಯವರು ಬಾಯೊಳಗೆ ಕೈ ಹಾಕಿ ತಡಕುತ್ತಾರೆ. ಕಚ್ಚದಿದ್ದರೂ ಸರಿ, ಕೈಯಲ್ಲಿ ಅಡಿಕೆ ಸುಲಿದ ಗೀರು ಇದ್ದರೆ ಜೊಲ್ಲು ತಗಲಿದ್ದೇ ಸಾಕು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಆದ್ದರಿಂದ ಲಸಿಕೆ ಆಗದ ನಾಯಿಯ ಬಾಯಿ ಜೋತಿದ್ದರೆ ಕೈ ಹಾಕಬೇಡಿ, ಕೂಡಿಹಾಕಿ ಪಶುವೈದ್ಯರಿಗೆ ಹೇಳಿ. ಈಗಾಗಲೇ ಕೈ ಹಾಕಿದ್ದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ಗಾಯದ ಸ್ವರೂಪ ನೋಡಿ ಇಮ್ಯುನೊಗ್ಲಾಬ್ಯುಲಿನ್ ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ. ನಡುವೆ ಬಿಡಬೇಡಿ. ನಾಯಿಗೆ ಪ್ರತಿವರ್ಷ ರೇಬೀಸ್ ಲಸಿಕೆ ಹಾಕಿಸಿದ್ದರೆ ಈ ದಿಗಿಲಿನ ಬಹುಪಾಲು ಬರುವುದೇ ಇಲ್ಲ.

ಬಿಡಿಸುವುದು ಹೇಗೆ?

‘ನಾಯಿ ಬಾಲ ಡೊಂಕು’ ಎಂದು ಕೈಚೆಲ್ಲಬೇಕಿಲ್ಲ, ಮೂರು ದಿನದಲ್ಲಿ ಬಿಡುತ್ತದೆ ಎಂದು ಕಾಯಲೂ ಬೇಡ. ಸಿಗದಂತೆ ಮಾಡುವುದೇ ಮುಖ್ಯ ಉಪಾಯ. ನಾಯಿ ಊಟವಾದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಮಲ ಹಾಕುತ್ತದೆ. ಆ ಹೊತ್ತಿಗೆ ಹಗ್ಗ ಹಿಡಿದು ಕರೆದೊಯ್ದು, ಮುಗಿದ ಕೂಡಲೇ ಹೆಸರು ಕರೆದು ನಿಮ್ಮತ್ತ ತಿರುಗಿಸಿಕೊಂಡು, ಬೆಲ್ಲದ ಚೂರಲ್ಲ, ತೆಂಗಿನ ತುರಿಯಷ್ಟು ಬೆಂದ ಮೊಟ್ಟೆಯೋ ಪನೀರೋ ಕೊಡಿ. ಅದು ತಿನ್ನುತ್ತಿರುವಾಗ ಇನ್ನೊಬ್ಬರು ಮಲ ತೆಗೆದುಬಿಡಿ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಕೆಲವು ನಾಯಿಗಳು ಮಲ ಹಾಕಿದ ತಕ್ಷಣ ತಾವೇ ಓಡಿ ಬರುತ್ತವೆ. ‘ಬಿಡು’ ಎಂಬ ಮಾತನ್ನು ಮೊದಲು ಒಣ ರೊಟ್ಟಿಯಂಥ ಸಪ್ಪೆ ವಸ್ತುವಿನ ಮೇಲೆ ಕಲಿಸಿ, ಬಿಟ್ಟರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ ಎಂದು ಗೊತ್ತಾಗಲಿ. ಸಗಣಿಯ ಮುಂದೆ ಮೊದಲ ದಿನವೇ ಪರೀಕ್ಷೆ ಮಾಡಿದರೆ ಸೋಲುವುದು ನಾವೇ.

ಕೊಟ್ಟಿಗೆಯ ಪಕ್ಕದಲ್ಲಿ ದಿನವಿಡೀ ಸರಪಳಿಯಲ್ಲಿ ಕಟ್ಟಿದ ನಾಯಿಗೆ ಇವೆಲ್ಲ ನಾಟುವುದಿಲ್ಲ. ಬೇಸರ, ಬಂಧನ ಎರಡೂ ಈ ಅಭ್ಯಾಸವನ್ನು ಬೆಳೆಸುತ್ತವೆ. ಬಟ್ಟಲಿನ ಪಕ್ಕದಲ್ಲೇ ಮಲವೂ ಬಿದ್ದಿದ್ದರೆ ಅದು ತಾನೇ ಏನು ಮಾಡೀತು? ಕಟ್ಟುವ ಜಾಗ ಬದಲಿಸಿ, ಬೆಳಿಗ್ಗೆ ಸಂಜೆ ತೋಟದ ತನಕ ಒಂದು ಸುತ್ತು ನಡೆಸಿ. ಗೊಬ್ಬರಗುಂಡಿಗೆ ಒಂದು ಗೇಟೋ ಬೇಲಿಯೋ ಇರಲಿ. ಹಸು ಕರು ಹಾಕಿದಾಗ ಬೀಳುವ ಕಸವನ್ನು ಆಳವಾಗಿ ಹೂಳಿ. ಏನು ಮಾಡಿದರೂ ಬಗ್ಗದ ನಾಯಿಗೆ, ಎತ್ತಿನ ಬಾಯಿಗೆ ಕಟ್ಟುತ್ತಿದ್ದ ಕುಕ್ಕೆಯಂಥ ಜಾಲರಿ ಮುಖಬುಟ್ಟಿ ಸಿಗುತ್ತದೆ. ಅದರಲ್ಲಿ ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಾಯಿ ಬಿಗಿದು ಕಟ್ಟುವ ಬಟ್ಟೆಯ ಪಟ್ಟಿ ಬೇಡ. ತಿರುಗಾಡುವ ಹೊತ್ತಿಗೆ ಮಾತ್ರ ಹಾಕಿ, ನಾಯಿಯನ್ನು ಒಂಟಿ ಬಿಡುವಾಗ ಬಿಚ್ಚಿಬಿಡಿ.